ಹಳೇ ಬಟ್ಟೆ ಹರಿದು ಒರೆಸೋ ಬಟ್ಟೆ ಮಾಡ್ಕೊಂಡ್ರೆ ನೀರೇ ಹೀರಲ್ಲ, ಯಾಕೆ?

ಕುವೆಂಪುನಗರ ಗೃಹಿಣಿ:
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ದಿನಾ ಎದುರಾಗ್ತಿದೆ. ನಮ್ಮ ಮನೇಲಿ ಒರೆಸೋ ಬಟ್ಟೆ ಅಂತ ದುಡ್ಡು ಕೊಟ್ಟು ತಂದ ರೂಢಿಯೇ ಇಲ್ಲ. ಅತ್ತೆಯವರು ಮನೆ ನೋಡ್ಕೊಳ್ಳೋವಾಗ ಮಾವನವರ ಪಂಚೆ ನವೆದ ಮೇಲೆ ಅದನ್ನ ಹರಿದು ಅಡುಗೆಮನೆಗೆ ತರ್ತಿದ್ದರು. ಮೊದಲು ಪಾತ್ರೆ ಒರೆಸೋಕೆ, ಆಮೇಲೆ ಒಲೆಕಟ್ಟೆಗೆ, ಕೊನೆಗೆ ನೆಲಕ್ಕೆ. ಅದು ಬಚ್ಚಲ ಒಲೆಗೆ ಹೋಗೋ ಹೊತ್ತಿಗೆ ಇನ್ನೊಂದು ಪಂಚೆ ನವೆದಿರ್ತಿತ್ತು. ನಾನೂ ಅದೇ ಥರ ನೈಟಿ, ಚೂಡಿದಾರ್ ಟಾಪು, ಬೆಡ್‌ಶೀಟು ಎಲ್ಲ ಕತ್ತರಿಸಿ ಇಟ್ಕೊಂಡಿದೀನಿ. ಒಂದೂ ಕೆಲಸಕ್ಕೆ ಬರ್ತಿಲ್ಲ. ಕಟ್ಟೆ ಮೇಲೆ ಚೆಲ್ಲಿದ ನೀರನ್ನ ಆ ಕಡೆಯಿಂದ ಈ ಕಡೆಗೆ ತಳ್ಳುತ್ತೆ, ಹೀರಲ್ಲ. ಕೊಳ್ಳೋವಾಗ ಎಲ್ಲವನ್ನೂ ಕಾಟನ್ ಅಂತಲೇ ಹೇಳಿ ಕೊಟ್ಟಿದ್ದರು.

ಬೀರುವಿನಲ್ಲಿ ಇನ್ನೂ ಬೇಕಾದಷ್ಟಿದೆ. ಯಾವುದನ್ನ ಯಾವುದಕ್ಕೆ ಬಳಸಬೇಕು, ಉಳಿದಿದ್ದನ್ನ ಏನು ಮಾಡಬೇಕು, ತಿಳಿದವರು ಹೇಳಿ.

ಹೆಬ್ಬಾಳ ಐಟಿ:
ಮೈಕ್ರೋಫೈಬರ್ ಬಟ್ಟೆ ತಗೊಂಡುಬಿಡಿ ಮೇಡಂ. ಕಾರಿಗೂ ಆಗುತ್ತೆ, ಮನೆಗೂ ಆಗುತ್ತೆ.

ನಿವೃತ್ತ ಜವಳಿ ಬೋಧಕ, ಸರಸ್ವತಿಪುರಂ:
ಅಮ್ಮಾ, ನಿಮ್ಮ ಬಟ್ಟೆಗಳಲ್ಲಿ ಹೆಚ್ಚಿನವು ಪೂರ್ತಿ ಹತ್ತಿ ಆಗಿರಲಿಕ್ಕಿಲ್ಲ. ಹತ್ತಿಯ ನಾರಿಗೆ ನೀರು ಅಂದರೆ ಸೆಳೆತ. ಪೂರ್ತಿ ಒಣಗಿಸಿದ 100 ಗ್ರಾಂ ಹತ್ತಿಯನ್ನ ಸಾಧಾರಣ ಹವೆಯಲ್ಲಿ ಸುಮ್ಮನೆ ಬಿಟ್ಟರೂ ಗಾಳಿಯಲ್ಲಿರುವ ತೇವವನ್ನೇ ಸುಮಾರು 8 ಗ್ರಾಂ ಎಳೆದುಕೊಳ್ಳುತ್ತೆ. ಅಷ್ಟೇ ತೂಕದ ಪಾಲಿಯೆಸ್ಟರ್ ಎಳೆದುಕೊಳ್ಳೋದು ಅರ್ಧ ಗ್ರಾಂ ಕೂಡ ಇಲ್ಲ. ಪಾಲಿಯೆಸ್ಟರ್ ನಾರಿನ ಒಳಕ್ಕೆ ನೀರು ಹೋಗೋದೇ ಇಲ್ಲ, ಎಳೆಗಳ ಸಂದಿಯಲ್ಲಿ ನಿಂತಷ್ಟು ನಿಲ್ಲುತ್ತೆ. ಹಿಂಡಿ ಗಾಳಿಗೆ ಹಾಕಿದ ತಕ್ಷಣ ಒಣಗೋದೂ ಇದೇ ಕಾರಣಕ್ಕೆ. ಶರಟಿಗೆ ಅದು ಅನುಕೂಲ, ಒರೆಸೋ ಬಟ್ಟೆಗೆ ಅನನುಕೂಲ.

ಟೆರಿಕಾಟ್ ಅಂತ ಮಾರೋದರಲ್ಲಿ 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ ಇರೋದು ಬಹಳ ಸಾಮಾನ್ಯವಾದ ಬೆರಕೆ. ಮುಟ್ಟಿದರೆ ಹತ್ತಿ ಥರಾನೇ ಇರುತ್ತೆ.

ಪರೀಕ್ಷೆ ಮನೆಯಲ್ಲೇ ಮಾಡಿ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಎಳೀರಿ. ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತೆ, ಕಿಡಿ ಸಣ್ಣಗೆ ಮುಂದಕ್ಕೆ ಹೋಗುತ್ತೆ, ಉಳಿಯೋದು ಬೂದು ಬಣ್ಣದ ಮೆತ್ತನೆ ಬೂದಿ, ಉಫ್ ಅಂದರೆ ಹಾರಿಹೋಗುತ್ತೆ. ಪಾಲಿಯೆಸ್ಟರ್ ಆದರೆ ಎಳೆ ಜ್ವಾಲೆಯಿಂದ ಹಿಂದಕ್ಕೆ ಮುದುಡಿಕೊಂಡು ಕರಗಿ ತುದಿಯಲ್ಲಿ ಕಪ್ಪು ಮಣಿ ಕಟ್ಟುತ್ತೆ. ಆರಿದ ಮೇಲೆ ಉಗುರಿನಿಂದ ಒತ್ತಿ ನೋಡಿ, ಪುಡಿಯಾಗಲ್ಲ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ. ಬೆರಕೆ ಬಟ್ಟೆಯಲ್ಲಿ ಎರಡೂ ಗುಣ ಕಾಣುತ್ತೆ, ಕಾಗದದ ವಾಸನೆಯೂ ಬರುತ್ತೆ, ಗಟ್ಟಿ ಉಂಡೆಯೂ ಉಳಿಯುತ್ತೆ. ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡದ ಎಳೆ) ಬೇರೆ ಬೇರೆ ನೂಲಿನದಾಗಿರಬಹುದು, ಆದ್ದರಿಂದ ಎರಡೂ ಕಡೆಯ ಎಳೆ ನೋಡಿ.

ಇನ್ನೊಂದು ಮಾತು. ಈಗಿನ ನೈಟಿಗಳಲ್ಲಿ ರೇಯಾನ್ ಬಹಳ ಇದೆ. ಅದೂ ಸಸ್ಯದ ತಿರುಳಿನಿಂದ ಮಾಡಿದ್ದೇ, ಆದ್ದರಿಂದ ಹತ್ತಿಯ ಹಾಗೇ ಉರಿಯುತ್ತೆ, ನೀರೂ ಚೆನ್ನಾಗಿ ಹೀರುತ್ತೆ. ಆದರೆ ಒದ್ದೆಯಾದಾಗ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಹತ್ತಿ ಇದಕ್ಕೆ ಉಲ್ಟಾ, ಒದ್ದೆಯಾದರೆ ಇನ್ನೂ ಗಟ್ಟಿ. ಹಿಂಡಿದಾಗ ಪಿಸಿದುಹೋಗೋ ನೈಟಿ ರೇಯಾನಿನದು.

ಕುವೆಂಪುನಗರ ಗೃಹಿಣಿ:
ಸರ್, ಈಗಷ್ಟೇ ನೋಡಿದೆ. ನೈಟಿ ಎರಡಕ್ಕೂ ಬೂದಿ ಹಾರಿಹೋಯ್ತು, ಆದರೆ ಹಿಂಡಿದರೆ ಪಿಸಿಯುತ್ತೆ, ಹಾಗಾದರೆ ರೇಯಾನು. ಬೆಡ್‌ಶೀಟಿನ ಎಳೆ ಕರಗಿ ಗುಂಡಾಯ್ತು. ಮೂಲೆಯಲ್ಲಿದ್ದ ಒಂದು ಹಳೇ ವಾಯಿಲ್ ಸೀರೆ ಮಾತ್ರ ಶುದ್ಧ ಹತ್ತಿ. ಅದರ ತುಂಡಿನ ಮೇಲೆ ಹನಿ ನೀರು ಬಿಟ್ಟರೆ ಬಿದ್ದ ತಕ್ಷಣ ಹರಡಿಕೊಂಡು ಮಾಯ. ಬೆಡ್‌ಶೀಟಿನ ಮೇಲೆ ಹನಿ ಗುಂಡಗೆ ನಿಂತೇ ಇತ್ತು.

ಹಾಗಿದ್ದರೆ ಹೋದ ಹಬ್ಬಕ್ಕೆ ತಂದ ಹೊಸ ಟವೆಲ್ ಯಾಕೆ ಹೀರ್ತಿಲ್ಲ? ಅದರ ಎಳೆ ಸುಟ್ಟರೂ ಬೂದಿಯೇ ಬಂತು.

ನಿವೃತ್ತ ಜವಳಿ ಬೋಧಕ, ಸರಸ್ವತಿಪುರಂ:
ಅದು ಹತ್ತಿಯೇ, ಮೇಲೆ ಗಂಜಿ ಮತ್ತು ಮೆದುಗೊಳಿಸೋ ಲೇಪ ಇದೆ. ಬಿಸಿನೀರಿನಲ್ಲಿ ಕೆಲವು ಸಲ ಒಗೆದರೆ ಬಿಡುತ್ತೆ. ಒಗೆಯೋವಾಗ ಕಂಫರ್ಟ್ ಥರದ್ದು ಹಾಕಬೇಡಿ, ಅದು ನಾರಿನ ಮೇಲೆ ಜಿಡ್ಡಿನ ಹಾಗೆ ಕೂತು ಹೀರೋ ಗುಣ ಕಡಿಮೆ ಮಾಡುತ್ತೆ. ಪಂಚೆ ಹಳೆಯದಾದಷ್ಟೂ ಒರೆಸೋಕೆ ಚೆನ್ನಾಗೋದು ಒಗೆದು ಒಗೆದು ಇದೆಲ್ಲ ಹೋಗಿರುತ್ತಲ್ಲ, ಅದಕ್ಕೇ.

ಹೆಬ್ಬಾಳ ಐಟಿ:
ಸರ್, ಒಂದು ಪ್ರಶ್ನೆ. ಮೈಕ್ರೋಫೈಬರ್ ಕೂಡ ಪಾಲಿಯೆಸ್ಟರೇ ಅಲ್ವಾ? ಅದು ಮಾತ್ರ ಅಷ್ಟು ಚೆನ್ನಾಗಿ ನೀರು ಹೀರುತ್ತಲ್ಲ. ನಾನು ದಿನಾ ಬಳಸ್ತೀನಿ.

ನಿವೃತ್ತ ಜವಳಿ ಬೋಧಕ, ಸರಸ್ವತಿಪುರಂ:
ಒಳ್ಳೇ ಪ್ರಶ್ನೆ. ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿಸಿ ಎಳೆದ ನೂಲನ್ನ ಆಮೇಲೆ ಸೀಳ್ತಾರೆ. ಒಂದೊಂದು ಎಳೆಯೂ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾಗುತ್ತೆ, ಮಧ್ಯೆ ಲೆಕ್ಕವಿಲ್ಲದಷ್ಟು ಸಂದಿಗಳಾಗುತ್ತೆ. ನೀರು ಆ ಸಂದಿಗಳಲ್ಲಿ ನಿಲ್ಲುತ್ತೆ, ಧೂಳೂ ಅಲ್ಲೇ ಸಿಕ್ಕಿಕೊಳ್ಳುತ್ತೆ. ಗಾಜು, ಕನ್ನಡಕ, ಕಾರಿನ ಬಣ್ಣ ಇವಕ್ಕೆ ಅದು ನಿಜವಾಗಲೂ ಚೆನ್ನ, ನಾನು ಬೇಡ ಅನ್ನಲ್ಲ. ಎರಡು ಕಡೆ ಮಾತ್ರ ಬೇಡ. ಒಂದು, ಬಿಸಿ ಇರೋ ಕಡೆ. ಇನ್ನೊಂದು, ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಮನೆಯಲ್ಲಿ ಹತ್ತಿ ಬಟ್ಟೆ ಇದ್ದೂ ಅದನ್ನ ಕಸಕ್ಕೆ ಹಾಕಿ ಪ್ಲಾಸ್ಟಿಕ್ ಬಟ್ಟೆ ಕೊಳ್ಳೋದು ಯಾಕೆ ಅನ್ನೋದಷ್ಟೇ ನನ್ನ ಮಾತು.

ಅಗ್ರಹಾರದ ಅಜ್ಜಿ ಮನೆ:
ಬಿಸಿ ಅಂದಿರಲ್ಲ, ಅದನ್ನ ಎಲ್ಲರೂ ಗಮನಿಸಿ. ಮಸಿಬಟ್ಟೆಗೆ ಯಾವತ್ತೂ ಸಿಂಥೆಟಿಕ್ ಇಡಬೇಡಿ. ನಮ್ಮ ಅಕ್ಕನ ಮಗಳು ಪಾಲಿಯೆಸ್ಟರ್ ದುಪಟ್ಟಾದ ತುಂಡಿನಲ್ಲಿ ದೋಸೆ ಹಂಚಿನ ಹಿಡಿ ಹಿಡಿದಳು. ಬಟ್ಟೆಯ ಅಂಚು ಹಂಚಿಗೆ ತಾಗಿ ಕರಗಿ ಬೆರಳಿಗೆ ಅಂಟಿಕೊಳ್ತು. ಹತ್ತಿ ಬಟ್ಟೆಯಾದರೆ ಸೀದ ವಾಸನೆ ಬರುತ್ತೆ, ಕೈ ಬಿಡ್ತೀವಿ. ಕರಗಿದ್ದು ಅಂಟಿದರೆ ಚರ್ಮದ ಜೊತೆಗೇ ಬರುತ್ತೆ ಕಣ್ರೀ.

ನಿವೃತ್ತ ಜವಳಿ ಬೋಧಕ, ಸರಸ್ವತಿಪುರಂ:
ಹೌದಮ್ಮ. ಪಾಲಿಯೆಸ್ಟರ್ 250-260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತೆ. ಗ್ಯಾಸಿನ ದೊಡ್ಡ ಉರಿಯ ಮೇಲೆ ಬರೀ ಹಂಚು ಬಿಟ್ಟರೆ ಆ ಬಿಸಿ ಮುಟ್ಟೋದು ಕಷ್ಟವೇನಲ್ಲ.

ಮಂಡ್ಯ ಟೈಲರ್:
ನಾನು ಹೊಲಿಗೆ ಅಂಗಡಿಯವನು. ಬೆಂಕಿ ಹಚ್ಚದೇನೇ ಗೊತ್ತು ಮಾಡ್ಕೊಳ್ಳೋ ಒಂದು ದಾರಿ ಹೇಳ್ತೀನಿ. ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಗಾಯ ಮಾಡಿ ಎರಡೂ ಕೈಯಲ್ಲಿ ಹಿಡಿದು ಎಳೀರಿ. ನೇಯ್ದ ಹತ್ತಿ ಬಟ್ಟೆ ಪರ್‍ರ್ ಅಂತ ಎಳೆ ಹಿಡಿದು ನೆಟ್ಟಗೆ ಹರಿಯುತ್ತೆ, ಹರಿದ ಕಡೆ ಸಣ್ಣ ಧೂಳು ಏಳುತ್ತೆ. ಪಾಲಿಯೆಸ್ಟರ್ ಕೈಗೆ ಜಗ್ಗುತ್ತೆ, ಹರಿದರೂ ಅಂಚು ಸುರುಳಿ ಸುತ್ತಿಕೊಂಡು ಸುಕ್ಕಾಗುತ್ತೆ. ಕೈಗೆ ಅಭ್ಯಾಸ ಆದರೆ ಎಳೆದ ಕೂಡಲೇ ತಿಳಿಯುತ್ತೆ.

ಒರೆಸೋ ಬಟ್ಟೆ ಮಾಡೋದಾದರೆ ಕತ್ತರಿಸಬೇಡಿ, ಹರೀರಿ. ಕತ್ತರಿ ಎಳೆಯ ಮೇಲೆ ಅಡ್ಡಡ್ಡ ಹೋಗುತ್ತೆ, ಆ ಅಂಚಿಂದ ನೂಲು ಬಿಚ್ಚಿ ಬಿಚ್ಚಿ ಬರ್ತಾನೇ ಇರುತ್ತೆ. ಹರಿದಿದ್ದು ಎಳೆ ಹಿಡಿದೇ ಹೋಗೋದರಿಂದ ನೂಲು ಕಮ್ಮಿ ಬಿಡುತ್ತೆ. ಸೀರೆಯಾದರೆ ಉದ್ದದ ಅಂಚನ್ನ ಹಾಗೇ ಬಿಟ್ಟುಕೊಳ್ಳಿ, ಅದು ಬಿಚ್ಚೋದೇ ಇಲ್ಲ. ಬನಿಯನ್ ಹೆಣೆದಿದ್ದು, ಅದು ನೆಟ್ಟಗೆ ಹರಿಯಲ್ಲ, ಅದಕ್ಕೆ ಮಾತ್ರ ಕತ್ತರಿ. ಗುಂಡಿ, ಹುಕ್ಕು, ಜಿಪ್ಪು ಮೊದಲೇ ಬಿಡಿಸಿ ಡಬ್ಬಿಗೆ ಹಾಕ್ಕೊಳ್ಳಿ. ಹುಕ್ಕು ಇರೋ ಬಟ್ಟೆಯಲ್ಲಿ ಸ್ಟೀಲು, ಗಾಜು ಒರೆಸಿದರೆ ಗೀರು ಬೀಳುತ್ತೆ.

ಬ್ಲೌಸಿನ ಲೈನಿಂಗ್ ಹೆಚ್ಚಾಗಿ ಒಳ್ಳೇ ಹತ್ತಿ ಇರುತ್ತೆ. ಮೇಲಿನ ಬಟ್ಟೆ ಏನೇ ಇರಲಿ, ಬ್ಲೌಸ್ ಬಿಸಾಡೋ ಮುಂಚೆ ಒಳಗಿನ ಲೈನಿಂಗ್ ಬಿಚ್ಚಿಕೊಳ್ಳಿ ಅಂತ ನಮ್ಮ ಅಂಗಡಿಗೆ ಬರೋ ಅಕ್ಕಂದಿರಿಗೆಲ್ಲ ಹೇಳ್ತಾ ಇರ್ತೀನಿ.

ಗ್ಯಾರೇಜ್‌ನವನು, ಬನ್ನಿಮಂಟಪ:
ನಮಗೆ ಬನಿಯನ್ ವೇಸ್ಟೇ ಆಗಬೇಕು. ತಿರುಪ್ಪೂರಿನ ಕಡೆಯಿಂದ ಬರೋ ಕತ್ತರಿಸಿ ಉಳಿದ ಬನಿಯನ್ ಬಟ್ಟೆ, ಕೆ.ಜಿ. ಲೆಕ್ಕದಲ್ಲಿ ಸಿಗುತ್ತೆ. ನೂಲು ಬಿಡಲ್ಲ, ಗ್ರೀಸು ಚೆನ್ನಾಗಿ ಎಳೆಯುತ್ತೆ. ನೂಲಿನ ಕಾಟನ್ ವೇಸ್ಟ್ ಇಂಜಿನ್ ಒಳಗೆ ಬಳಸೋಕೆ ಹೋಗಲ್ಲ, ಒಂದೇ ಒಂದು ಎಳೆ ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೂ ಕಷ್ಟ. ಕಾರ್ಬೊರೇಟರ್ ಬಿಚ್ಚಿದಾಗ ಹೊಸ ಹುಡುಗರಿಗೆ ನಾನು ಮೊದಲು ಹೇಳೋದು ಇದೇ, ಕೈಯಲ್ಲಿ ಯಾವ ಬಟ್ಟೆ ಇದೆ ನೋಡ್ಕೋ ಅಂತ. ಬಿಳೀದೋ ತಿಳಿ ಬಣ್ಣದ್ದೋ ಆದರೆ ಇನ್ನೂ ಒಳ್ಳೇದು. ಒರೆಸಿದಾಗ ಲೋಹದ ಚೂರು ಬಂದಿದೆಯಾ, ಆಯಿಲ್ ಎಷ್ಟು ಕಪ್ಪಾಗಿದೆ ಅಂತ ಕಾಣುತ್ತೆ.

ಪಾಲಿಶ್ ಕೆಲಸ, ಮೈಸೂರು:
ಇಲ್ಲೀತನಕ ಯಾರೂ ಬೆಂಕಿ ಅಪಾಯದ ಮಾತು ಎತ್ತಿಲ್ಲ, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ನಾವು ಬೀಟೆಮರದ ಸಾಮಾನಿಗೆ ಪಾಲಿಶ್ ಹಾಕೋರು. ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚೋದು, ಬ್ರಷ್ಷಿನಲ್ಲಲ್ಲ. ಒಂದು ಹಿಡಿ ಹತ್ತಿ ಉಂಡೆ ಮಾಡಿ, ಅದರ ಮೇಲೆ ಹಳೇ ಪಂಚೆಯ ತುಂಡು ಸುತ್ತಿ, ಹಿಂದಕ್ಕೆ ತಿರುಚಿ ಹಿಡೀತೀವಿ. ಮರಕ್ಕೆ ತಾಗೋ ತಳದಲ್ಲಿ ಒಂದು ಸುಕ್ಕೂ ಇರಬಾರದು, ಹೊಲಿಗೆ ಗೆರೆಯಂತೂ ಇರಲೇಬಾರದು, ಇದ್ದರೆ ಒಂದೊಂದು ಎಳೆತಕ್ಕೂ ಗೆರೆ ಬೀಳುತ್ತೆ. ಅರಗನ್ನ ಒಳಗಿನ ಹತ್ತಿಗೆ ಕುಡಿಸ್ತೀವಿ. ಅದು ಪಂಚೆಯ ಎಳೆಗಳ ಮೂಲಕ ಸೋಸಿ ಸೋಸಿ ಕೆಳಗೆ ಬರುತ್ತೆ. ಸಣ್ಣ ಸಣ್ಣ ಸುತ್ತು ಹಾಕ್ತಾ ಹೋಗಬೇಕು, ಕೈ ಒಂದು ಕ್ಷಣ ನಿಂತರೂ ಅಲ್ಲೇ ಅಂಟಿ ಕಲೆ ಆಗುತ್ತೆ. ಹೊಸ ಬಟ್ಟೆ ಈ ಕೆಲಸಕ್ಕೆ ಬರೋದೇ ಇಲ್ಲ. ಗಂಜಿ ಇರುತ್ತೆ, ನೂಲು ಬಿಡುತ್ತೆ, ಆ ಸಣ್ಣ ನೂಲು ಪಾಲಿಶ್ ಒಳಗೆ ಕೂತರೆ ಮತ್ತೆ ಉಜ್ಜಿ ಮೊದಲಿಂದ ಮಾಡಬೇಕು. ನಮ್ಮ ಮೇಸ್ತ್ರಿ ಒಬ್ಬರು ಮದುವೆಮನೆ ಪಂಚೆ ಬೇಡ, ದಿನಾ ಉಟ್ಟ ಪಂಚೆ ತಾ ಅಂತಿದ್ದರು.

ಈಗ ಅಪಾಯದ ವಿಷಯ. ಕೆಲವರು ಮರಕ್ಕೆ ಅಗಸೆ ಎಣ್ಣೆ ಹಚ್ತಾರೆ. ಅಂಗಡಿಯಲ್ಲಿ ಸಿಗೋ ಮರದ ಎಣ್ಣೆಗಳಲ್ಲೂ ಎಷ್ಟೋ ಇದೇ ಜಾತಿಯವು. ಈ ಎಣ್ಣೆ ಒಣಗೋದು ಅಂದರೆ ನೀರು ಆರಿದ ಹಾಗಲ್ಲ. ಅದು ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತೆ, ಆಗ ಬಿಸಿ ಹುಟ್ಟುತ್ತೆ. ಮರದ ಮೇಲೆ ತೆಳ್ಳಗೆ ಇದ್ದರೆ ಆ ಬಿಸಿ ಗಾಳಿಗೆ ಹೋಗುತ್ತೆ. ಎಣ್ಣೆ ಹೀರಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಉಳಿಯುತ್ತೆ, ಬಿಸಿಯಾದಷ್ಟೂ ಬೇಗ ಬೇಗ ಇನ್ನೂ ಬಿಸಿಯಾಗುತ್ತೆ. ಕೆಲವು ಗಂಟೆಗಳಲ್ಲಿ ಹೊಗೆ ಬಂದು ತಾನೇ ಹೊತ್ತಿಕೊಳ್ಳುತ್ತೆ. ಬೆಂಕಿಕಡ್ಡಿ ಬೇಡ, ಕಿಡಿ ಬೇಡ. ಪಕ್ಕದಲ್ಲಿ ಮರದ ಪುಡಿ ಇದ್ದರೆ ಕೇಳೋದೇ ಬೇಡ.

ಮನೆ ಬಾಗಿಲಿಗೆ, ಹಳೇ ಮೇಜಿಗೆ ಎಣ್ಣೆ ಹಚ್ಚೋರು ಕೆಲಸ ಮುಗಿದ ಮೇಲೆ ಬಟ್ಟೆಯನ್ನ ಬಿಡಿಸಿ ಹೊರಗೆ ಕಲ್ಲಿನ ಮೇಲೋ ಕಾಂಪೌಂಡ್ ಗೋಡೆ ಮೇಲೋ ಒಂಟಿ ಪದರವಾಗಿ ಹರಡಿ, ಬಿರುಸಾಗೋವರೆಗೂ ಒಣಗಿಸಿ. ಇಲ್ಲಾಂದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಕಸದ ಬುಟ್ಟಿಗೆ ಹಸೀದಾಗಿ ಹಾಕಲೇಬೇಡಿ.

ಗ್ಯಾರೇಜ್‌ನವನು, ಬನ್ನಿಮಂಟಪ:
ಅಣ್ಣ, ಇದು ನನಗೆ ಹೊಸ ವಿಷಯ. ನಮ್ಮಲ್ಲಿ ಇಂಜಿನ್ ಆಯಿಲ್ ಹೀರಿದ ಬಟ್ಟೆ ರಾಶಿ ಇರುತ್ತೆ. ಅದೂ ಹಾಗೇ ಹೊತ್ತಿಕೊಳ್ಳುತ್ತಾ?

ಪಾಲಿಶ್ ಕೆಲಸ, ಮೈಸೂರು:
ಅದು ಕಲ್ಲೆಣ್ಣೆ, ಒಣಗೋ ಜಾತಿಯದಲ್ಲ, ತಾನಾಗೇ ಆ ಥರ ಬಿಸಿಯಾಗಲ್ಲ. ಆದರೆ ವೆಲ್ಡಿಂಗ್ ಕಿಡಿ ಬಿದ್ದರೆ ಸಾಕು, ಬೆಂಕಿ ಹಿಡಿಯುತ್ತೆ. ಮುಚ್ಚಳ ಇರೋ ಕಬ್ಬಿಣದ ಡಬ್ಬಿಯಲ್ಲಿ ಹಾಕಿಡಿ. ಪೇಂಟ್, ತಿನ್ನರ್ ಬಟ್ಟೆಯನ್ನ ಅದರ ಜೊತೆ ಸೇರಿಸಬೇಡಿ.

ಧಾರವಾಡದ ಸೊಸಿ, ಈಗ ವಿಜಯನಗರ:
ನೀವೆಲ್ಲಾ ಹರಿಯೂದನ್ನ ಹೇಳೀರಿ, ನಾ ಹೊಲಿಯೂದನ್ನ ಹೇಳ್ತೀನ್ರಿ. ನಮ್ಮ ಕಡೆ ಹಳೇ ಸೀರಿ, ಧೋತರ ಅಂದ್ರ ಮೊದಲ ಕೌದಿ ನೆನಪಾಗ್ತದ. ಅವ್ವನ ಇಳಕಲ್ ಸೀರಿ ಮ್ಯಾಲೊಂದು, ಕೆಳಗೊಂದು, ನಡುವ ಹರಕ ಅರಿವಿ ಪದರ ಪದರ ಹಾಸಿ, ಸುತ್ತಲೂ ಅಂಚಿನಿಂದ ಟಾಕಿ ಹಾಕ್ಕೋತ ನಡುವಿಗೆ ಬರೂದು. ಮಧ್ಯಾಹ್ನ ಊಟ ಆದ ಮ್ಯಾಲೆ ಓಣಿ ಹೆಣ್ಮಕ್ಕಳು ನಾಕು ಮೂಲ್ಯಾಗ ಕೂತು ಹೊಲಿತಿದ್ರು. ಎಳಿ ಕೂಸಿಗೆ ಸಣ್ಣ ಕೌದಿ ಅಂತೂ ಬೇಕೇ ಬೇಕು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಮಕ್ಕಳ ಕೌದಿ ನೋಡೀರಿ? ಅವರು ಒಂದು ಮೂಲಿಯಿಂದ ಸುರು ಮಾಡಿ ಅಂಚಿನಗುಂಟ ತಿರುಗುತ ತಿರುಗುತ ನಡುವಿಗೆ ಬರ್ತಾರ. ಮುಗಿಸೂ ಮುಂದ ನಾಕು ಮೂಲಿಗೂ ಮೂರು ಮೂಲಿ ಮಡಿಚಿದ ಬಣ್ಣದ ತುಂಡು ಇಡ್ತಾರ, ಫೂಲಾ ಅಂತಾರ ಅದಕ್ಕ. ಅದು ಇಲ್ಲದ ಕೌದಿ ಅವರಿಗೆ ಪೂರ್ತಿ ಆದಂಗಲ್ಲ. ಈಗ ಅವು ಬ್ಯಾರೆ ದೇಶದ ಮ್ಯೂಸಿಯಂನಾಗೂ ಅದಾವ.

ಕೌದಿಗೆ ಮ್ಯಾಲಿನ ಪದರ ಹತ್ತೀದೇ ಇರಲಿ ಅಕ್ಕಾರ. ಟೆರಿಕಾಟ ಇದ್ದರ ನಡುವ ಹಾಕ್ರಿ, ಅಲ್ಲಿ ಅದು ಏನೂ ತೊಂದರಿ ಮಾಡೂದಿಲ್ಲ. ನಿಮ್ಮ ಬೆಡ್‌ಶೀಟ್ ಅಲ್ಲಿಗೆ ಛಲೋ ಆತು ನೋಡ್ರಿ.

ಕುವೆಂಪುನಗರ ಗೃಹಿಣಿ:
ಇದು ಬಹಳ ಒಳ್ಳೇ ಉಪಾಯ ಅಕ್ಕ. ಹೊಲಿಯೋ ಸೂಜಿ ಯಾವುದು?

ಧಾರವಾಡದ ಸೊಸಿ, ಈಗ ವಿಜಯನಗರ:
ದಬ್ಬಣ ಬ್ಯಾಡ್ರಿ, ಅದು ತೂತು ದೊಡ್ಡದು ಮಾಡ್ತದ. ಉದ್ದನ ದಪ್ಪ ಕೈಸೂಜಿ, ಹತ್ತಿ ದಾರ ಎರಡೆಳಿ. ನಾಕೈದು ಪದರಕ್ಕಿಂತ ಹೆಚ್ಚು ಹಾಕಿದ್ರ ಕೈ ನೋಯ್ತದ, ಒಗಿಯಾಕೂ ಆಗೂದಿಲ್ಲ.

ಪಾಂಡವಪುರದ ರೈತ:
ನಮ್ಮ ಕಡೆ ಹಳೇ ಪಂಚೆ ಹೊಲ, ಆಲೆಮನೆ, ದೇವಸ್ಥಾನ ಮೂರಕ್ಕೂ ಬೇಕು. ಗದ್ದೆ ಹಾಲುಗಾಳಿಗೆ ಬಂದಾಗ ಬೆದರುಬೊಂಬೆಗೆ ಹಳೇ ಅಂಗಿ. ಅದಕ್ಕೆ ಬಣ್ಣದ ಸಿಂಥೆಟಿಕ್ ಆದರೂ ನಡೀತದೆ, ಮಳೆಗೆ ಬೇಗ ಕೊಳೆಯಲ್ಲ. ಆಲೆಮನೇಲಿ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿಡೋ ಮುಂಚೆ ಬಟ್ಟೆಯಲ್ಲಿ ಸೋಸೋದು, ಅದು ಶುದ್ಧವಾದ ಹತ್ತಿ ಬಟ್ಟೆ ಆಗಿರಬೇಕು, ಬಣ್ಣ ಬಿಡೋದು ಆಗಲ್ಲ. ಈಗೀಗ ನೈಲಾನ್ ಜಾಲರಿ ಬಂದೈತೆ.

ನಾನು ಹೇಳಬೇಕು ಅಂತ ಬಂದಿದ್ದು ಪಂಜಿನ ವಿಷಯ. ಊರ ಹಬ್ಬಕ್ಕೆ ಪಂಜು ಕಟ್ಟೋದು ನಮ್ಮನೆ ಪಾಲಿನ ಕೆಲಸ. ಬಟ್ಟೆ ಸೀಳನ್ನ ಕೋಲಿನ ತುದಿಗೆ ಬಿಗಿಯಾಗಿ, ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಬರೋ ಹಾಗೆ ಸುತ್ತಿ, ತಂತಿ ಬಿಗಿದು, ಎಣ್ಣೇಲಿ ನೆನೆಹಾಕ್ತೀವಿ. ಸಡಿಲ ಸುತ್ತಿದರೆ ಎಣ್ಣೆ ಬೇಗ ಉರಿದೋಗಿ ಬಟ್ಟೆಯೇ ಉರಿಯೋಕೆ ಶುರುವಾಯ್ತದೆ. ಬಿಗಿ ಇದ್ದರೆ ಎಣ್ಣೆ ಉರೀತದೆ, ಬಟ್ಟೆ ನಿಧಾನಕ್ಕೆ ಕರಕಲಾಯ್ತದೆ. ಈಗಿನ ಹುಡುಗರು ಮನೇಲಿ ಸಿಕ್ಕಿದ ಬಟ್ಟೆ ತಂದ್ಕೊಡ್ತಾರೆ. ಅದರಲ್ಲಿ ಪಾಲಿಯೆಸ್ಟರ್ ಇದ್ದರೆ ಉರಿಯೋವಾಗ ಕರಗಿ ತೊಟ್ಟು ತೊಟ್ಟು ಉರೀತಾನೇ ಕೆಳಗೆ ಬೀಳ್ತದೆ. ಹಿಡಿದವನ ಕೈ ಮೇಲೆ, ಪಕ್ಕದಲ್ಲಿ ಬರೋರ ತಲೆ ಮೇಲೆ. ಅದಕ್ಕೆ ನಾನು ಪಂಜಿಗೆ ಬರೋ ಬಟ್ಟೇನೆಲ್ಲ ಮೊದಲು ಎಳೆ ಸುಟ್ಟು ನೋಡೇ ತಗೊಳ್ಳೋದು. ಮೇಷ್ಟ್ರು ಹೇಳಿದ ಪರೀಕ್ಷೆ ನಮ್ಮಪ್ಪನೂ ಮಾಡ್ತಿದ್ದ. ದೇವರ ದೀಪದ ಬತ್ತಿಗೂ ಇದೇ ನಿಯಮ.

ವಾರ್ಡ್ ಸ್ವಯಂಸೇವಕಿ, ಮೈಸೂರು:
ಉಳಿದದ್ದನ್ನ ಏನು ಮಾಡೋದು ಅಂತ ಮೊದಲು ಕೇಳಿದರಲ್ಲ, ಅದಕ್ಕೆ ಬರ್ತೀನಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನದಲ್ಲಿತ್ತು ಅಂತ ನಾವೆಲ್ಲ ಹೆಮ್ಮೆಪಡ್ತೀವಿ, ಆದರೆ ಬಟ್ಟೆ ವಿಷಯದಲ್ಲಿ ಮನೆಗಳಲ್ಲಿ ಇನ್ನೂ ಗೊಂದಲ ಇದೆ. ಒಣ ಬಟ್ಟೆ ಒಣಕಸ. ದಯವಿಟ್ಟು ಅದನ್ನ ಹಸಿಕಸದ ಬಕೆಟ್ಟಿಗೆ ಹಾಕಬೇಡಿ. ಸೀರೆ, ದುಪಟ್ಟಾ ಥರದ ಉದ್ದ ಬಟ್ಟೆ ಯಂತ್ರದ ಉರುಳೆಗಳಿಗೆ ಸುತ್ತಿಕೊಂಡರೆ ಕೆಲಸವೇ ನಿಲ್ಲುತ್ತೆ. ಒದ್ದೆ ಬಟ್ಟೆ ಕೊಟ್ಟರೆ ಒಣಕಸದ ಜೊತೆಗಿರೋ ಕಾಗದವೂ ಹಾಳು. ಕಸ ವಿಂಗಡಿಸೋ ಹೆಣ್ಣುಮಕ್ಕಳು ಕೈಯಿಂದಲೇ ಬಿಡಿಸಬೇಕು, ಅವರನ್ನ ನೆನೆಸಿಕೊಳ್ಳಿ. ಚಿಂದಿ ಆಯುವವರನ್ನ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿದ್ದರು. ಅವರು ಮಾಡ್ತಿರೋದು ನಾವು ಮನೆಯಲ್ಲಿ ಮಾಡದೇ ಬಿಟ್ಟ ಕೆಲಸ.

ಉಡೋ ಹಾಗಿದ್ದರೆ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ ಕೊಡಿ. ಹರಿದಿದ್ದನ್ನ ದಾನ ಅಂತ ಕೊಡಬೇಡಿ. 2004ರ ಸುನಾಮಿ ಆದಾಗ ತಮಿಳುನಾಡಿನಲ್ಲಿ ಜನ ಕಳಿಸಿದ ಹಳೇ ಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಗೂಂಜ್ ಸಂಸ್ಥೆಯವರು ಅದನ್ನ ಎತ್ತಿಕೊಂಡು ವಿಂಗಡಿಸಿ ಉಪಯೋಗಕ್ಕೆ ತಂದರು. ಉಪಯೋಗಕ್ಕೆ ಬರೋದನ್ನ ಕಸ ಮಾಡೋದು ಹೀಗೇನೇ, ವಿಂಗಡಿಸದೆ ಮೂಟೆ ಕಟ್ಟಿ ಕಳಿಸಿದರೆ. ಬೀದಿಗೆ ಬಂದು ಹಳೇ ಬಟ್ಟೆಗೆ ಪಾತ್ರೆ, ಪ್ಲಾಸ್ಟಿಕ್ ಬಕೆಟ್ ಕೊಡೋರಿಗೆ ಉಡೋ ಹಾಗಿರೋ ಟೆರಿಕಾಟ್, ಪ್ಯಾಂಟು, ಸಿಂಥೆಟಿಕ್ ಸೀರೆ ಕೊಡಬಹುದು. ಅವರು ತೇಪೆ ಹಾಕಿ, ತೊಳೆದು ಮತ್ತೆ ಮಾರ್ತಾರೆ. ಉಣ್ಣೆ ಸ್ವೆಟರ್ ಬಿಸಾಡಬೇಡಿ. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆಯನ್ನ ಬಣ್ಣದ ಪ್ರಕಾರ ಬೇರೆ ಮಾಡಿ, ಎಳೆ ಎಳೆ ಬಿಡಿಸಿ, ಮತ್ತೆ ನೂತು ಕಂಬಳಿ ಮಾಡೋ ದೊಡ್ಡ ಉದ್ಯಮವೇ ಇದೆ.

ಎಂ.ಎ. ವಿದ್ಯಾರ್ಥಿನಿ, ಮಾನಸಗಂಗೋತ್ರಿ:
ಎಲ್ಲರೂ ಸುತ್ತಿ ಬಳಸಿ ಹೋಗ್ತಿರೋ ಒಂದು ಬಳಕೆ ಇದೆ, ನಾನು ನೇರವಾಗಿ ಹೇಳ್ತೀನಿ. ಮುಟ್ಟಿನ ಬಟ್ಟೆ. ನಮ್ಮ ಅಜ್ಜಿ, ಅಮ್ಮ ಎಲ್ಲರೂ ಹಳೇ ಹತ್ತಿ ಸೀರೆಯನ್ನೇ ಬಳಸಿದವರು. ಬಟ್ಟೆಯಲ್ಲಿ ದೋಷ ಇಲ್ಲ, ಅದನ್ನ ಯಾರಿಗೂ ಕಾಣಬಾರದು ಅಂತ ಕತ್ತಲ ಮೂಲೆಯಲ್ಲಿ, ಬೇರೆ ಬಟ್ಟೆಯ ಕೆಳಗೆ ಒಣಹಾಕೋದರಲ್ಲಿ ದೋಷ ಇದೆ. ಅರೆ ಒಣಗಿದ ಬಟ್ಟೆ ತುರಿಕೆಗೂ ಸೋಂಕಿಗೂ ದಾರಿ. ಸೋಪು ಹಾಕಿ ಒಗೆದು, ಬಿಸಿಲಲ್ಲಿ ಗರಿಗರಿ ಒಣಗಬೇಕು. ಸಿಂಥೆಟಿಕ್ ಇದಕ್ಕೆ ಖಂಡಿತ ಬೇಡ. ಮನೆಯಲ್ಲಿ ಹೆಣ್ಣುಮಕ್ಕಳಿರೋ ಗಂಡಸರೂ ಓದಲಿ ಅಂತಲೇ ಇಲ್ಲಿ ಬರೆದೆ. ಬಿಸಿಲು ಬೀಳೋ ಹಗ್ಗದ ಮೇಲೆ ಒಂದು ಜಾಗ ಬಿಟ್ಟುಕೊಡಿ.

ಅಗ್ರಹಾರದ ಅಜ್ಜಿ ಮನೆ:
ಸರಿಯಾಗಿ ಹೇಳಿದೆ ಮಗಳೇ. ಅಡುಗೆಮನೆ ಬಟ್ಟೆಗೂ ಬಿಸಿಲೇ ಔಷಧಿ. ಕೈ ಒರೆಸೋದು, ಪಾತ್ರೆ ಒರೆಸೋದು, ಕಟ್ಟೆ ಒರೆಸೋದು ಮೂರೂ ಬೇರೆ ಇರಲಿ. ರಾತ್ರಿ ಕುದಿಯೋ ನೀರಲ್ಲಿ ಅದ್ದಿ ಹಿಂಡಿ ಹರಡಬೇಕು. ಮುದ್ದೆ ಮಾಡಿ ಸಿಂಕಿನ ಪಕ್ಕ ಬಿಟ್ಟರೆ ಬೆಳಗ್ಗೆ ಅದರ ವಾಸನೆಯೇ ಹೇಳುತ್ತೆ.

ನಿವೃತ್ತ ಜವಳಿ ಬೋಧಕ, ಸರಸ್ವತಿಪುರಂ:
ಚಿಂದಿಗೆ ಒಂದು ದೊಡ್ಡ ಇತಿಹಾಸವೂ ಇದೆ, ಸ್ವಲ್ಪ ಹೇಳ್ತೀನಿ. 19ನೇ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ಕಾಗದ ಬಹುತೇಕ ಹಳೇ ಬಟ್ಟೆಯಿಂದಲೇ ಆಗ್ತಿತ್ತು. ಆಮೇಲೆ ಮರದ ತಿರುಳು ಬಂತು. ಬಟ್ಟೆಯಿಂದ ಮಾಡಿದ ಹಳೇ ಕಾಗದ ಇವತ್ತಿಗೂ ಬೆಳ್ಳಗಿದೆ, ಮರದ ತಿರುಳಿನ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತೆ. ನಮ್ಮ ನೋಟುಗಳು ಇವತ್ತೂ ನೂರಕ್ಕೆ ನೂರು ಹತ್ತಿಯ ಕಾಗದವೇ. ಅದಕ್ಕೇ ಶರಟಿನ ಜೇಬಿನಲ್ಲಿ ಮರೆತು ಒಗೆದ ನೋಟು ಒಣಗಿಸಿದರೆ ಉಳಿಯುತ್ತೆ, ಬಸ್ ಟಿಕೇಟು ಉಳಿಯಲ್ಲ. ಆ ಕಾಗದ ಮಾಡೋ ಬ್ಯಾಂಕ್ ನೋಟ್ ಪೇಪರ್ ಮಿಲ್ ನಮ್ಮ ಮೈಸೂರಿನಲ್ಲೇ ಇದೆ, 2010ರಲ್ಲಿ ಸ್ಥಾಪನೆಯಾಯಿತು. ಈಗ ನೋಟಿನ ಕಾಗದಕ್ಕೆ ಮನೆಯ ಹಳೇ ಬಟ್ಟೆ ಹೋಗಲ್ಲ. ನೂಲಿನ ಗಿರಣಿಯಲ್ಲಿ ಬಾಚಿ ತೆಗೆದ ಗಿಡ್ಡ ಹತ್ತಿ ನಾರು ಬಳಸ್ತಾರೆ. ಮನೆ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿರುವಾಗ ಕಾಗದದ ತಿರುಳು ಮಾಡೋದು ಕಷ್ಟ.

ಹಳೇ ಮೈಸೂರಿನ ಕಡತಗಳನ್ನ ನೋಡಿದೀರಾ? ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿ, ಹಲಗೆಯ ಹಾಗೆ ಕಪ್ಪಗೆ ಗಟ್ಟಿ ಮಾಡಿ, ಬೀಸಣಿಗೆಯಂತೆ ಮಡಿಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೀತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಎಷ್ಟೋ ಹೀಗೆ ಬಟ್ಟೆಯ ಮೇಲೇ ಉಳಿದು ಬಂದಿವೆ.

ಕುವೆಂಪುನಗರ ಗೃಹಿಣಿ:
ಎಲ್ಲರಿಗೂ ಧನ್ಯವಾದ. ಬೆಡ್‌ಶೀಟುಗಳನ್ನ ಕೌದಿ ಒಳಪದರಕ್ಕೆ ತೆಗೆದಿಟ್ಟೆ. ವಾಯಿಲ್ ಸೀರೆ ಹರಿದಾಯ್ತು. ಇನ್ನೊಂದು ಉಳಿದಿದೆ. ಅಮ್ಮನ ಹಳೇ ರೇಷ್ಮೆ ಸೀರೆ, ಮಡಿಕೆಯಲ್ಲೆಲ್ಲ ಸೀಳಿದೆ, ಜರಿ ಚೆನ್ನಾಗಿದೆ. ಮನೆ ಹತ್ತಿರ ಹಳೇ ಜರಿ ಸೀರೆ ಕೊಳ್ತೀವಿ ಅಂತ ಬರ್ತಾರೆ. ಕೊಡಬಹುದಾ?

ಮಂಡ್ಯ ಟೈಲರ್:
ಕೊಡಬೇಡಿ ಅಕ್ಕ, ಮೊದಲು ಜರಿ ನೋಡಿಸಿ. ಈಗಿನ ಬಹಳ ಸೀರೆಗಳಲ್ಲಿ ಜರಿ ಬರೀ ಪ್ಲಾಸ್ಟಿಕ್ಕು ಅಥವಾ ತಾಮ್ರ. ಹಳೇ ಮೈಸೂರು ರೇಷ್ಮೆಯಲ್ಲಿ ಬೆಳ್ಳಿಗೆ ಚಿನ್ನದ ನೀರು ಕೊಟ್ಟ ನಿಜವಾದ ಜರಿ ಇರುತ್ತೆ, ಬಂದವರು ಅದನ್ನ ಕರಗಿಸಿ ಬೆಳ್ಳಿ ತೆಗೀತಾರೆ. ಬೀದೀಲಿ ಬಂದವರು ಇಡೀ ಸೀರೆಗೆ ಇಷ್ಟು ಅಂತ ಬೆಲೆ ಕಟ್ತಾರೆ, ಬೆಳ್ಳಿ ಲೆಕ್ಕ ಹೇಳಲ್ಲ. ಎರಡು ಎಳೆ ಜರಿ ಬಿಡಿಸಿ ಗೊತ್ತಿರೋ ಅಕ್ಕಸಾಲಿಗರ ಹತ್ತಿರ ಉಜ್ಜಿಸಿ ನೋಡಿ.

ನಿಜವಾದ ಜರಿ ಆದರೂ ಮಾರೋಕೆ ಮನಸ್ಸಿಲ್ಲದಿದ್ದರೆ ಸೆರಗು, ಅಂಚು ಬಿಡಿಸಿ ಹೊಸ ಸೀರೆಗೋ ಮಗುವಿನ ಲಂಗಕ್ಕೋ ಕೂರಿಸಬಹುದು. ಒಡಲು ಸೀಳಿದ್ದರೂ ಅಂಚು ಗಟ್ಟಿ ಇರುತ್ತೆ. ಬಿಚ್ಚೋವಾಗ ಕತ್ತರಿ ಅಂಚಿಂದ ಎರಡು ಬೆರಳು ಒಳಗೆ ಹಾಕಿ, ಹೊಲಿಗೆಗೆ ಜಾಗ ಬೇಕಾಗುತ್ತೆ. ಕೆಳಗೆ ತೆಳು ಹತ್ತಿ ಬಟ್ಟೆ ಕೊಟ್ಟು ಹೊಲಿಸಿದರೆ ಎಳೆ ಜಾರಲ್ಲ. ಮಂಡ್ಯ ಕಡೆ ಬಂದರೆ ತನ್ನಿ, ಅಂಚು ನಿಲ್ಲುತ್ತಾ ಇಲ್ವಾ ಅಂತ ನೋಡಿ ಹೇಳ್ತೀನಿ.